ದೀಪ ಉರಿದರೆ ಬ್ರೇಕ್ ಹಿಡಿಯಿತೆಂದೇ?

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಹತ್ತನೆಯ ತರಗತಿಯವರನ್ನು ಧರ್ಮಸ್ಥಳಕ್ಕೆ ಪ್ರವಾಸ ಕರೆದೊಯ್ದಿದ್ದೆವು. ಹಾಸನ ದಾಟಿ ಬೇಲೂರಿನ ದಾರಿ ಹಿಡಿದಾಗ ಚಾಲಕರು ಒಂದು ವಿಚಿತ್ರ ಕೆಲಸ ಶುರುಮಾಡಿದರು. ವೇಗ ಏರಿಸುವುದು, ಆಕ್ಸಿಲರೇಟರಿನಿಂದ ಕಾಲು ತೆಗೆಯುವುದು, ಒಂದು ಸ್ವಿಚ್ ಒತ್ತುವುದು, ತಲೆ ಅಲ್ಲಾಡಿಸುವುದು. ಮತ್ತೆ ಅದೇ.

"ಏನಾಯ್ತಪ್ಪಾ?" ಎಂದೆ.

"ಎಕ್ಸಾಸ್ಟ್ ಬ್ರೇಕ್ ಹಿಡೀತಿಲ್ಲ ಸಾರ್. ಮುಂದೆ ಚಾರ್ಮಾಡಿ ಇಳೀಬೇಕು."

"ದೀಪ ಉರೀತಾ ಇದೆಯಲ್ಲ?"

"ದೀಪ ಉರಿಯುತ್ತೆ ಸಾರ್. ಗಾಡಿ ಹಿಡಿಯಲ್ಲ."

ಇಪ್ಪತ್ತೈದು ವರ್ಷ ಭೌತಶಾಸ್ತ್ರ ಪಾಠ ಮಾಡಿದ ನನಗೆ ಆ ಉತ್ತರ ನಾಟಿತು. ದೀಪ ಹೇಳುವುದು ಸ್ವಿಚ್ಚಿನಲ್ಲಿ ವಿದ್ಯುತ್ ಹರಿಯಿತು ಎಂದಷ್ಟೆ. ಬಸ್ಸಿನಡಿಯಲ್ಲಿ ಕವಾಟ ಮುಚ್ಚಿತೇ ಇಲ್ಲವೇ ಎಂಬುದು ಅದಕ್ಕೆ ಹೇಗೆ ಗೊತ್ತಾಗಬೇಕು?

ಈ ಬ್ರೇಕಿನ ಅಗತ್ಯವಾದರೂ ಏನು? ಪೆಟ್ರೋಲ್ ಕಾರಿನಲ್ಲಿ ಕಾಲು ತೆಗೆದರೆ ಎಂಜಿನ್ನಿಗೆ ಗಾಳಿ ಹೋಗುವ ದಾರಿಯೇ ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಪಿಸ್ಟನ್‌ಗಳು ಗಾಳಿ ಎಳೆಯಲು ಒದ್ದಾಡುತ್ತವೆ, ಕಾರು ನಿಧಾನವಾಗುತ್ತದೆ. ಸಾಮಾನ್ಯ ಡೀಸೆಲ್ ಎಂಜಿನ್ನಿನಲ್ಲಿ ಹಾಗಲ್ಲ. ಕಡಿಮೆಯಾಗುವುದು ಡೀಸೆಲ್ ಮಾತ್ರ, ಗಾಳಿಗೆ ತಡೆಯಿಲ್ಲ. ಇಳಿಜಾರಿನಲ್ಲಿ ಗಾಡಿ ಸಲೀಸಾಗಿ ಓಡತೊಡಗುತ್ತದೆ. ಅದಕ್ಕೇ ಹೊಗೆಕೊಳವೆಯಲ್ಲಿ ತಟ್ಟೆಯಂಥ ಒಂದು ಕವಾಟವಿಟ್ಟಿರುತ್ತಾರೆ. ಸ್ವಿಚ್ ಒತ್ತಿ ಕಾಲು ತೆಗೆದಾಗ ಗಾಳಿಯ ಒತ್ತಡದಿಂದ ಅದು ಮುಚ್ಚಿಕೊಳ್ಳುತ್ತದೆ, ಡೀಸೆಲ್ ನಿಲ್ಲುತ್ತದೆ. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಪಂಪು ಹೊಡೆದು ನೋಡಿ, ಪಿಸ್ಟನ್ನಿನ ಕಷ್ಟ ತಿಳಿಯುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸಿ ಈ ಪಂಪು ಹೊಡೆಯಬೇಕಾದ್ದರಿಂದ ಗಾಡಿಯ ಓಟ ತಗ್ಗುತ್ತದೆ.

ಇನ್ನು ಸ್ವಲ್ಪ ಲೆಕ್ಕ. 12 ಟನ್ ತೂಕದ ಬಸ್ಸು 600 ಮೀಟರ್ ಎತ್ತರದಿಂದ ಇಳಿಯಿತೆನ್ನಿ. ರಾಶಿ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ಸುಮಾರು 7 ಕೋಟಿ ಜೂಲ್. 220 ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಲು ಅಷ್ಟು ಸಾಕು! ಕಾಲಿನ ಬ್ರೇಕನ್ನೇ ನಂಬಿದರೆ ಈ ಶಾಖದ ಬಹುಪಾಲು ಬ್ರೇಕ್ ಡ್ರಮ್ಮಿಗೆ. ಡ್ರಮ್ಮು ಮಿತಿಮೀರಿ ಕಾದಾಗ ಲೈನರಿನ ಘರ್ಷಣೆ ಕುಸಿಯುತ್ತದೆ. ಆಗ ಪೆಡಲು ಎಷ್ಟು ತುಳಿದರೂ ಗಾಡಿ ಕೇಳುವುದಿಲ್ಲ. ಅಮೆರಿಕದ ಡೀಸೆಲ್ ಎಂಜಿನ್ ತಯಾರಕ ಕ್ಲೆಸ್ಸಿ ಕಮಿನ್ಸ್‌ಗೆ 1931ರಲ್ಲಿ ಕ್ಯಾಲಿಫೋರ್ನಿಯಾದ ಕಹೋನ್ ಘಟ್ಟದಲ್ಲಿ ಇದೇ ಆಯಿತು. ಬ್ರೇಕು ಕೈಕೊಟ್ಟ ಲಾರಿ, ಕೆಳಗೆ ಹಳಿ ದಾಟುತ್ತಿದ್ದ ರೈಲು, ಕೂದಲೆಳೆಯಲ್ಲಿ ಪಾರಾದರು. ಎಂಜಿನ್ನನ್ನೇ ಬ್ರೇಕಾಗಿಸುವ ಇನ್ನೊಂದು ಬಗೆಯ ಸಾಧನವನ್ನು ಮುಂದೆ ಅವರೇ ರೂಪಿಸಿದರು.

ನಮ್ಮ ಬಸ್ಸಿನ ಕಥೆಗೆ ಬರೋಣ. ಬೇಲೂರಿನಲ್ಲಿ ಮಕ್ಕಳನ್ನು ದೇವಸ್ಥಾನಕ್ಕೆ ಕಳಿಸಿ ನಾನು ಚಾಲಕರ ಜೊತೆ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಬಸ್ಸಿನಡಿ ಮಲಗಿ ಸ್ವಿಚ್ ಹಾಕಿಸಿದ. ಕವಾಟದ ಸರಳು ಅಲುಗಲೇ ಇಲ್ಲ. ಮಸಿ ಕಟ್ಟಿ ತಟ್ಟೆ ತೆರೆದ ಸ್ಥಿತಿಯಲ್ಲೇ ಕಚ್ಚಿಕೊಂಡಿತ್ತು. ಹೊರಡುವಾಗ ಮಾಲೀಕರು "ಗಾಡಿ ಪೂರಾ ಚೆಕ್ ಮಾಡ್ಸಿದೀವಿ" ಎಂದಿದ್ದರು! ಪ್ರವಾಸಕ್ಕೆ ಬಸ್ಸು ಗೊತ್ತುಮಾಡುವಾಗ ಟಿವಿ ಇದೆಯೇ, ಸೀಟು ಹಿಂದಕ್ಕೆ ವಾಲುತ್ತದೆಯೇ ಎಂದೆಲ್ಲ ವಿಚಾರಿಸಿದ್ದ ನಾವು ಇದನ್ನು ಕೇಳಿರಲಿಲ್ಲ.

ತಟ್ಟೆ ಕಚ್ಚುವುದೊಂದೇ ಕಾರಣವಲ್ಲ. ಗಾಳಿಯ ಪೈಪು ಸೋರಬಹುದು, ಕ್ಲಚ್ ಪೆಡಲಿನ ಬಳಿಯ ಸ್ವಿಚ್ ಹೊಂದಾಣಿಕೆ ತಪ್ಪಬಹುದು. ತಟ್ಟೆ ಅರ್ಧ ಮುಚ್ಚಿ ಕಚ್ಚಿಕೊಂಡರೆ ತೊಂದರೆ ಉಲ್ಟಾ: ಎಂಜಿನ್ ಎಳೆಯುವುದಿಲ್ಲ, ಕಪ್ಪು ಹೊಗೆ. ಕವಾಟಕ್ಕಿಂತ ಮೊದಲು ಕೊಳವೆಗೆ ಒತ್ತಡಮಾಪಕ ಕಟ್ಟಿ ನೋಡುವುದು ಖಚಿತ ಪರೀಕ್ಷೆ. ತಯಾರಕರು ಹೇಳಿದ ಮಿತಿಗಿಂತ ಒತ್ತಡ ಕಡಿಮೆಯಿದ್ದರೆ ಹಿಡಿತವಿಲ್ಲ, ಹೆಚ್ಚಿದ್ದರೆ ಎಂಜಿನ್ನಿನ ಕವಾಟಗಳಿಗೆ ಅಪಾಯ.

ರಿಪೇರಿಗೆ ಎರಡು ಗಂಟೆ ಹಿಡಿಯಿತು. ಸಹೋದ್ಯೋಗಿಯೊಬ್ಬರು ಗೊಣಗಿದರು. ಮುಂದೆ ಖಾಲಿಯಿದ್ದ ಸಮತಟ್ಟು ರಸ್ತೆಯಲ್ಲಿ ಚಾಲಕರು ಮೂರನೆಯ ಗೇರಿನಲ್ಲಿ 40 ಕಿ.ಮೀ. ವೇಗಕ್ಕೆ ಬಂದು ಕಾಲು ತೆಗೆದರು. ನಾನು ಕೈಗಡಿಯಾರ ನೋಡಿದೆ. ಸ್ವಿಚ್ ಹಾಕದೆ ವೇಗ 20ಕ್ಕೆ ಇಳಿಯಲು 14 ಸೆಕೆಂಡ್. ಅದೇ ರಸ್ತೆ, ಅದೇ ಗೇರು, ಸ್ವಿಚ್ ಹಾಕಿದಾಗ 8 ಸೆಕೆಂಡ್. ಮಕ್ಕಳು ಬಸ್ಸಿನಲ್ಲೇ ಲೆಕ್ಕ ಮಾಡಿದರು: ವೇಗ ಇಳಿಕೆಯ ದರ ಪ್ರತಿ ಸೆಕೆಂಡಿಗೆ 0.4 ಮೀ/ಸೆ.ನಿಂದ 0.7ಕ್ಕೆ ಏರಿತ್ತು. ಎರಡೂ ಸಲ ಒಂದೇ ಉತ್ತರ ಬಂದಿದ್ದರೆ, ದೀಪ ಉರಿದರೂ ಬ್ರೇಕ್ ಸತ್ತಿದೆ ಎಂದೇ ಅರ್ಥ.

ಒಂದು ಮಾತು ಬಿಟ್ಟಿದ್ದೆ. ಬ್ರೇಕ್ ಎಷ್ಟೇ ಸರಿಯಿದ್ದರೂ ಕ್ಲಚ್ ಒತ್ತಿದರೆ, ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕಿದರೆ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ಕಡಿಯುತ್ತದೆ, ಅದು ಕೆಲಸ ಮಾಡುವುದಿಲ್ಲ. ಕೆಳಗಿನ ಗೇರಿನಲ್ಲಿ ಎಂಜಿನ್ ಬಿರುಸಾಗಿ ತಿರುಗಿದಷ್ಟೂ ಹಿಡಿತ ಹೆಚ್ಚು.

ಕೊಟ್ಟಿಗೆಹಾರದಲ್ಲಿ ಬಿಸಿಬಿಸಿ ನೀರುದೋಸೆ ತಿಂದು ಘಟ್ಟ ಇಳಿದೆವು. ತಿರುವಿಗೆ ಮೊದಲೇ ಗೇರು ಕೆಳಗೆ. ಕಾಲು ತೆಗೆದಾಗಲೆಲ್ಲ ಹೊಗೆಕೊಳವೆಯ ಸದ್ದು ಕಟ್ಟಿದ ಗಂಟಲಿನಂತೆ ಬದಲಾಗುತ್ತಿತ್ತು. ಕೆಳಗೆ ಬಸ್ ನಿಂತೊಡನೆ ಚಾಲಕರು ಇಳಿದು ಚಕ್ರದ ಪಕ್ಕ ಬಗ್ಗಿ ಮೂಸಿದರು. ಲೈನರ್ ಸುಟ್ಟ ವಾಸನೆ ಇರಲಿಲ್ಲ. ಗೊಣಗಿದ್ದ ಸಹೋದ್ಯೋಗಿಯೂ ಇಳಿದುಹೋಗಿ ಮೂಸಿ ಬಂದರು.