ಗಾಡಿಯ ಡ್ರಾಯರಿಗೆ ಎಂಥ ಚಾನೆಲ್ ಬೇಕು?



ಪಂಪ್‌ಸೆಟ್ಟಿನ ರಿಪೇರಿಗೆ, ಹನಿ ನೀರಾವರಿಯ ಕೊಳವೆ ಜೋಡಿಸುವುದಕ್ಕೆ ಸಣ್ಣ ಸರಕುಗಾಡಿ ಇಟ್ಟುಕೊಂಡವರು ಈಗ ಹಳ್ಳಿಗಳಲ್ಲಿಯೂ ಇದ್ದಾರೆ. ಸ್ಪ್ಯಾನರು, ಬೋಲ್ಟು, ವಾಲ್ವುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಹುಡುಕಾಡುವ ಬದಲು ಗಾಡಿಯ ಹಿಂಭಾಗದಲ್ಲಿ ಡ್ರಾಯರಿನ ಪೆಟ್ಟಿಗೆ ಮಾಡಿಸಿಕೊಳ್ಳುವುದು ಒಳ್ಳೆಯದೇ. ಆದರೆ ಅಡುಗೆಮನೆಯ ಕಪಾಟಿಗೆ ಹಾಕುವ ಚಾನೆಲನ್ನೇ ಗಾಡಿಗೂ ಹಾಕಿಸಬೇಡಿರಿ.

ಏಕೆಂದರೆ ಕಪಾಟು ಇದ್ದಲ್ಲೇ ಇರುತ್ತದೆ, ಗಾಡಿ ಹಾಗಲ್ಲ. ಹಿಂಬಾಗಿಲ ಕಡೆ ಮುಖಮಾಡಿದ ಡ್ರಾಯರ್ ಏರು ಹತ್ತುವಾಗ, ಪಕ್ಕಕ್ಕೆ ಮುಖಮಾಡಿದ್ದು ತಿರುವಿನಲ್ಲಿ ತಾನಾಗಿಯೇ ಹೊರಕ್ಕೆ ನುಗ್ಗುತ್ತದೆ. ಇನ್ನು ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ ಸಾಮಾನು ತೆಗೆಯುತ್ತಿರುವಾಗ ತೆರೆದ ಡ್ರಾಯರ್ ಹಿಂದಕ್ಕೆ ಜಾರಿದರೆ ಬೆರಳು ಜಜ್ಜಿಹೋಗುತ್ತದೆ. ಆದುದರಿಂದ ಮುಚ್ಚಿದಾಗ ಒಂದು ಲಾಕು, ಪೂರ್ತಿ ಎಳೆದಾಗ ಇನ್ನೊಂದು ಲಾಕು, ಹೀಗೆ ಎರಡೂ ಇರುವ ಚಾನೆಲನ್ನೇ ಕೇಳಿ ಪಡೆಯತಕ್ಕದ್ದು. ಮೆಲ್ಲನೆ ತಾನೇ ಮುಚ್ಚಿಕೊಳ್ಳುವ ‘ಸಾಫ್ಟ್ ಕ್ಲೋಸ್’ ಚಾನೆಲನ್ನು ಲಾಕ್ ಇರುವುದೆಂದು ತಿಳಿಯಬಾರದು. ಅದು ತುಸು ಎಳೆದರೂ ಬಿಟ್ಟುಕೊಡುತ್ತದೆ. ಮುಂಭಾಗದ ಹಲಗೆಗೆ ಹಾಕುವ ಬೀಗ ಕಳ್ಳತನಕ್ಕೆ ತಡೆಯೇ ಹೊರತು ತೆರೆದ ಡ್ರಾಯರನ್ನು ಹಿಡಿದು ನಿಲ್ಲಿಸಲಾರದು.

ಅಂಗಡಿಯಲ್ಲಿ ಎರಡನೆಯದಾಗಿ ಕೇಳಬೇಕಾದುದು ತೂಕ. ಕಪಾಟಿನ ಸಾಮಾನ್ಯ ಬಾಲ್ ಬೇರಿಂಗ್ ಚಾನೆಲುಗಳು ಜೊತೆಯೊಂದಕ್ಕೆ 35ರಿಂದ 45 ಕಿಲೋ ಹೊರುತ್ತವೆ. ಭಾರೀ ಬಗೆಯವು 100 ಕಿಲೋ ಮತ್ತು ಅದಕ್ಕೂ ಹೆಚ್ಚು ಹೊರುವುದುಂಟು. ಈ ಅಂಕಿ ಒಂದು ಚಾನೆಲಿಗಲ್ಲ, ಎಡಬಲ ಎರಡಕ್ಕೂ ಸೇರಿ. ನಿಮ್ಮ ಸಾಮಾನು 40 ಕಿಲೋ, ಡ್ರಾಯರಿನ ಹಲಗೆಯೇ 10 ಕಿಲೋ ಇದ್ದರೆ ಒಟ್ಟು 50 ಆಯಿತು. ಹೊಲದ ದಾರಿಯ ಕುಲುಕಾಟವನ್ನು ನೆನೆದರೆ ಇದರ ಎರಡರಷ್ಟು, ಅಂದರೆ 100 ಕಿಲೋ ಹೊರುವುದನ್ನು ಕೊಳ್ಳುವುದೇ ನನ್ನ ಮಟ್ಟಿಗೆ ಸರಿ. ಹಣ ಉಳಿಸಬೇಕಾದರೆ ಡ್ರಾಯರಿನ ಸಂಖ್ಯೆ ಕಡಿಮೆ ಮಾಡಿರಿ, ಚಾನೆಲಿನಲ್ಲಿ ಬೇಡ. ಚಾನೆಲನ್ನು ಡ್ರಾಯರಿನ ಪಕ್ಕಕ್ಕೆ ನಿಲ್ಲಿಸಿ ಹಾಕಿದಾಗ ಮಾತ್ರ ಈ ತೂಕ. ತಳಕ್ಕೆ ಮಲಗಿಸಿ ಹಾಕಿದರೆ ಶಕ್ತಿ ಬಹಳ ಕುಂದುತ್ತದೆ.

ಪೆಟ್ಟಿಗೆ ಮಾಡುವ ಆಚಾರಿಗೆ ಚಾನೆಲನ್ನು ಮೊದಲೇ ತಂದುಕೊಡಿ. ಸಾಮಾನ್ಯ ಚಾನೆಲಿಗೆ ಪ್ರತಿ ಪಕ್ಕಕ್ಕೆ ಅರ್ಧ ಅಂಗುಲ ಸಂದು ಸಾಕು. ಭಾರೀ ಬಗೆಯ ಹಲವಕ್ಕೆ ಸುಮಾರು ಮುಕ್ಕಾಲು ಅಂಗುಲ ಬೇಕು. ಪೆಟ್ಟಿಗೆ ಆದ ಮೇಲೆ ತಂದರೆ ಎಲ್ಲವನ್ನೂ ಬಿಚ್ಚಬೇಕಾದೀತು. ಮರದ ಸ್ಕ್ರೂ ಕುಲುಕಾಟಕ್ಕೆ ಸಡಿಲವಾಗುವುದರಿಂದ ನಟ್ಟು ಬೋಲ್ಟನ್ನೇ ಹಾಕಿಸಿರಿ. ಪೆಟ್ಟಿಗೆಯನ್ನು ಗಾಡಿಯ ತಳಕ್ಕೂ ಬಿಗಿಸಿರಬೇಕು. ಇಲ್ಲವಾದರೆ ತುಂಬಿದ ಡ್ರಾಯರನ್ನು ಪೂರ್ತಿ ಎಳೆದಾಗ ಪೆಟ್ಟಿಗೆಯೇ ಮುಗ್ಗರಿಸುತ್ತದೆ.

ಕೆಮ್ಮಣ್ಣಿನ ಧೂಳು ಬೇರಿಂಗಿನ ಗುಂಡುಗಳ ಮಧ್ಯೆ ಸೇರಿದರೆ ಚಾನೆಲ್ ಬಿಗಿಯುತ್ತದೆ. ಆಗಾಗ ಒಣಬಟ್ಟೆಯಿಂದ ಒರೆಸಿರಿ. ಗ್ರೀಸು ಬಳಿದಷ್ಟೂ ಧೂಳು ಹೆಚ್ಚು ಅಂಟುತ್ತದೆ. ರಸಗೊಬ್ಬರವನ್ನು ಈ ಡ್ರಾಯರಿನಲ್ಲಿ ಇಡಬೇಡಿರಿ, ಸತುವಿನ ಲೇಪವಿದ್ದರೂ ಕಬ್ಬಿಣ ತುಕ್ಕು ಹಿಡಿಯುತ್ತದೆ.

ಇಂಥ ಚಾನೆಲಿನಲ್ಲಿ ಸಾಮಾನ್ಯವಾಗಿ ಎಡಕ್ಕೊಂದು ಬಲಕ್ಕೊಂದು ಲಾಕಿನ ಪಟ್ಟಿ ಇರುತ್ತದೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಡ್ರಾಯರ್ ಅಲುಗುತ್ತದೆ. ಡ್ರಾಯರ್ ಅಗಲವಾಗಿದ್ದು ನಿಮ್ಮ ಎರಡು ಕೈ ಎರಡೂ ತುದಿಗೆ ಎಟಕದಿದ್ದರೆ ಅದನ್ನು ಎರಡು ಕಿರಿದಾದ ಡ್ರಾಯರುಗಳಾಗಿ ಮಾಡಿಸಿರಿ.