ಮಾಗಿಯ ಗಾಳಿ ಮತ್ತು ಒಣಗುವ ಚರ್ಮ

ಮಾರ್ಗಶಿರ ಮಾಸವು ಕಾಲಿಟ್ಟು, ನಾಗಮಂಗಲ, ಕೃಷ್ಣರಾಜಪೇಟೆಗಳ ಹೊಲಗಳಲ್ಲಿ ರಾಗಿಯ ಕೊಯ್ಲೂ, ಪಾಂಡವಪುರ, ಶ್ರೀರಂಗಪಟ್ಟಣಗಳ ನಾಲೆಯ ಬಯಲಿನಲ್ಲಿ ಕಬ್ಬಿನ ಕಟಾವೂ ಬಿರುಸಾಗಿ ಸಾಗುತ್ತಿರುವ ಹೊತ್ತಿಗೆ, ದುಡಿಯುವ ಜನರ ಮೊಣಕಾಲು ಮುಂಗೈಗಳು ಬಿಳುಪೇರಿ, ತುಟಿ ಬಿರಿದು, ಹಿಮ್ಮಡಿ ಸೀಳಿ ರಕ್ತ ಜಿನುಗುವುದನ್ನು ನಾವು ವರ್ಷಂಪ್ರತಿ ಕಾಣುತ್ತೇವೆ. ಕಂಡೂ, ಅದು ಚಳಿಗಾಲದ ಸಹಜಧರ್ಮವೆಂದು ಭಾವಿಸಿ ಸುಮ್ಮನಾಗುತ್ತೇವೆ.

ಕಾವೇರಿ, ಹೇಮಾವತಿಗಳು ಮಗ್ಗುಲಲ್ಲಿಯೇ ಹರಿಯುವ ಸೀಮೆಯಲ್ಲಿ ಮೈ ಒಣಗುವುದಕ್ಕೆ ಕಾರಣ ಗಾಳಿಯ ಸ್ವಭಾವ. ಉಷ್ಣತೆ ೩೦ ಡಿಗ್ರಿಯಿರುವಾಗ ಒಂದು ಘನಮೀಟರ್ ಗಾಳಿಯು ಸುಮಾರು ೩೦ ಗ್ರಾಂ ನೀರಾವಿಯನ್ನು ಧರಿಸಬಲ್ಲುದು. ೧೫ ಡಿಗ್ರಿಯಲ್ಲಿ ಸುಮಾರು ೧೩ ಗ್ರಾಂ ಮಾತ್ರ. ಇರುಳಿನ ಚಳಿಯಲ್ಲಿ ತೇವ ಕಳೆದುಕೊಂಡ ಈ ಗಾಳಿ ಹಗಲ ಬಿಸಿಲಿಗೆ ಕಾಯುತ್ತಲೇ ಅತ್ಯಂತ ಶುಷ್ಕವಾಗಿ, ಸಿಕ್ಕಿದೆಡೆಯಿಂದೆಲ್ಲ ನೀರನ್ನು ಹೀರತೊಡಗುತ್ತದೆ. ಚರ್ಮದ ಹೊರಪದರವಾದರೋ ನಿರ್ಜೀವ ಕಣಗಳಿಂದಲೂ, ಅವುಗಳ ನಡುವೆ ತುಂಬಿದ ಸ್ನಿಗ್ಧ ದ್ರವ್ಯದಿಂದಲೂ ಆದುದು; ಗದ್ದೆಯ ನೀರಿಗೆ ಬದು ಹೇಗೋ ದೇಹದ ತೇವಕ್ಕೆ ಈ ಸ್ನೇಹಾಂಶ ಹಾಗೆ. ವಯಸ್ಸಾದಂತೆ ಅದು ತಾನಾಗಿಯೇ ಕ್ಷೀಣಿಸುವುದರಿಂದ ವೃದ್ಧರಲ್ಲಿ ತುರಿಕೆ ಹೆಚ್ಚು.

ಆದರೆ ಗಾಳಿಗಿಂತಲೂ ಮಿಗಿಲಾದ ಹಾನಿಯನ್ನು ನಾವು ಬಚ್ಚಲಲ್ಲಿಯೇ ಮಾಡಿಕೊಳ್ಳುತ್ತೇವೆಂದು ನನ್ನ ದೃಢವಾದ ಅಭಿಪ್ರಾಯ. ಬೆಳಗಿನ ಕೊರೆತಕ್ಕೆ ಹಂಡೆಯ ನೀರನ್ನು ಹೊಗೆಯಾಡುವಷ್ಟು ಕಾಯಿಸಿ, ದೀರ್ಘಕಾಲ ಹೊಯ್ದುಕೊಂಡು, ಕ್ಷಾರಗುಣದ ಸಾಬೂನನ್ನು ಮೈಯೆಲ್ಲ ಬಳಿದು, ನಾರಿನಿಂದ ಕೆಂಪಗಾಗುವ ತನಕ ಉಜ್ಜಿದರೆ ಆ ಬದುವೇ ಕರಗಿಹೋಗುತ್ತದೆ. ಎಣ್ಣೆಸ್ನಾನದ ಸಂಪ್ರದಾಯವನ್ನು ನಾನು ಗೌರವಿಸುತ್ತೇನೆ. ಆದರೆ ಹಚ್ಚಿದ ಎಣ್ಣೆಯನ್ನು ಸೀಗೆಯಿಂದ ನಿಶ್ಶೇಷವಾಗಿ ತೊಳೆದ ಮೇಲೆ ಚರ್ಮಕ್ಕೆ ಉಳಿಯುವುದು ಅತ್ಯಲ್ಪ. ಆದುದರಿಂದ ಉಗುರುಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷಗಳಲ್ಲಿ ಸ್ನಾನ ಮುಗಿಸಿ, ಸಾಬೂನನ್ನು ಕಂಕುಳು ತೊಡೆಸಂದುಗಳಿಗೂ ಕೊಳೆಯಾದ ಅಂಗಗಳಿಗೂ ಮಿತಗೊಳಿಸಿ, ಮೈಯನ್ನು ಉಜ್ಜದೆ ಒತ್ತಿ ಒರೆಸಿ, ಪಸೆ ಆರುವ ಮುನ್ನವೇ ಕೊಬ್ಬರಿ ಎಣ್ಣೆಯನ್ನು ತೆಳುವಾಗಿ ಸವರತಕ್ಕದ್ದು. ಎಣ್ಣೆ ನೀರನ್ನು ಕೊಡುವುದಿಲ್ಲ, ಇದ್ದ ನೀರನ್ನು ಹೋಗಗೊಡುವುದಿಲ್ಲ. ಒಣಗಿದ ಮೇಲೆ ಹಚ್ಚಿದರೆ ಅರ್ಧ ಫಲ ಆಗಲೇ ನಷ್ಟ. ದುಬಾರಿ ಲೇಪನಗಳೇ ಬೇಕೆಂದಿಲ್ಲ. ಅಮೆರಿಕದ ರಾಬರ್ಟ್ ಚೀಸ್‌ಬರೋ ೧೮೭೨ರಲ್ಲಿ ಪೇಟೆಂಟ್ ಪಡೆದ ಪೆಟ್ರೋಲಿಯಂ ಜೆಲ್ಲಿ ಹಳ್ಳಿಯ ಅಂಗಡಿಯಲ್ಲಿಯೂ ದೊರೆಯುತ್ತದೆ. ಒಡೆದ ಹಿಮ್ಮಡಿಗೆ ರಾತ್ರಿ ಅದನ್ನು ಸವರಿ ಹತ್ತಿಯ ಕಾಲುಚೀಲ ಧರಿಸಿ ಮಲಗುವುದು ಬಹುಮಟ್ಟಿಗೆ ಗುಣಕಾರಿ. ತುಟಿಯನ್ನು ನಾಲಗೆಯಿಂದ ಸವರುವ ಅಭ್ಯಾಸವನ್ನು ಬಿಡಬೇಕು. ಎಂಜಲು ಆರುತ್ತ ಬಿರುಕನ್ನು ಹೆಚ್ಚಿಸುತ್ತದೆ.

ಕಬ್ಬಿನ ಗರಿಯ ಅಂಚು ಗರಗಸದಂತಹುದು. ಒಣಗಿದ ತೊಗಲಿಗೆ ಅದು ತಾಗಿದರೆ ಗೀರು ಬೇಗ ಬೀಳುತ್ತದೆ. ಗದ್ದೆಗಿಳಿಯುವವರು ತುಂಬುತೋಳಿನ ಅಂಗಿ ತೊಟ್ಟು, ಕಾಲಿಗೆ ಮುಚ್ಚಿದ ಪಾದರಕ್ಷೆ ಹಾಕುವುದು ಲೇಸು.

ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಮಾತ್ರ ಮನೆಮದ್ದನ್ನು ನಂಬಿ ಕೂರಲಾಗದು. ಅವರ ಪಾದಕ್ಕೆ ಸ್ಪರ್ಶಜ್ಞಾನ ಕುಂದಿರುವುದುಂಟು. ನೋವಿಲ್ಲದ ಬಿರುಕಿನೊಳಗೆ ಸೋಂಕು ಸೇರಿ ಹುಣ್ಣಾಗಿ ಕಾಲನ್ನೇ ಕಳೆದುಕೊಂಡವರುಂಟು. ಹಾಗೆಯೇ ಮೈಮೇಲೆ ಬಣ್ಣ ಮಾಸಿ, ಒಣಗಿ, ಸ್ಪರ್ಶವೇ ತಿಳಿಯದ ಮಚ್ಚೆಯೊಂದು ಕಂಡರೆ ಅದನ್ನು ಚಳಿಯ ಪರಿಣಾಮವೆಂದು ಭ್ರಮಿಸದಿರಿ. ಕುಷ್ಠದ ಆರಂಭವಿರಬಹುದು, ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಪೂರ್ಣ ಚಿಕಿತ್ಸೆಯಿದೆ. ಊರಿನ ಆರೋಗ್ಯ ಕೇಂದ್ರಕ್ಕಾಗಲಿ, ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನಲ್ಲಿರುವ ಆದಿಚುಂಚನಗಿರಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಗಾಗಲಿ, ಸುಗ್ಗಿ ಮುಗಿಯಲೆಂದು ಕಾಯದೆ, ಈ ವಾರವೇ ಹೋಗಿ ತೋರಿಸಿರಿ.