ಕಾಗದದ ನಾಯಕ ತೆರೆಗೆ ಬಂದಾಗ

ಜಪಾನಿನಲ್ಲಿ ಕಾಮಿಕ್ಸ್ ಎಂದರೆ ಬರೀ ಮಕ್ಕಳು ಓದುವಂಥದ್ದಲ್ಲ. ಅಲ್ಲಿ ಅದರ ಹೆಸರು ಮಾಂಗಾ. ಶಾಲಾ ಬಾಲಕರಿಗೆ, ಹೆಂಗಸರಿಗೆ, ಕಚೇರಿ ನೌಕರರಿಗೆ ಬೇರೆ ಬೇರೆ ಮಾಂಗಾ ಪತ್ರಿಕೆಗಳೇ ಇವೆ. ಬಹುಪಾಲು ಕಪ್ಪು-ಬಿಳುಪಿನಲ್ಲಿ ಅಚ್ಚಾಗುವ, ಬಲದಿಂದ ಎಡಕ್ಕೆ ಓದಬೇಕಾದ ಈ ಧಾರಾವಾಹಿಗಳು ಮೊದಲು ಪತ್ರಿಕೆಯಲ್ಲಿ ಬಂದು, ನಂತರ ಸಂಪುಟಗಳಾಗುತ್ತವೆ. ಜನ ಮೆಚ್ಚಿದ ಕಥೆ ಚಲನಚಿತ್ರವೂ ಆಗುತ್ತದೆ. ಕಥೆ ಸಿದ್ಧ, ದೃಶ್ಯಗಳು ಸಿದ್ಧ, ಟಿಕೆಟ್ ಕೊಳ್ಳಬಲ್ಲ ಓದುಗರೂ ಸಿದ್ಧ. ನಿರ್ಮಾಪಕನಿಗೆ ಇನ್ನೇನು ಬೇಕು?

ಆದರೆ ಗೆರೆಯಲ್ಲಿ ಹುಟ್ಟಿದ ನಾಯಕನಿಗೆ ನಟನೊಬ್ಬ ಮೈ ಕೊಡುವುದು ಸುಲಭವಲ್ಲ. ಕಾಗದದ ಮೇಲೆ ಕಣ್ಣು ಎಷ್ಟಾದರೂ ಅಗಲವಾಗಬಹುದು, ಕೂದಲು ಯಾವ ಬಣ್ಣದ್ದಾದರೂ ಇರಬಹುದು. ಕ್ಯಾಮೆರಾದ ಎದುರು ಅದೇ ಛದ್ಮವೇಷದಂತೆ ಕಂಡೀತು. ಒಂದೊಂದು ಚೌಕದಲ್ಲಿ ಓದುಗ ಎಷ್ಟು ಹೊತ್ತು ನಿಲ್ಲುತ್ತಾನೆಂಬುದು ಅವನ ಇಷ್ಟ. ಸಿನಿಮಾದಲ್ಲಿ ಆ ಸ್ವಾತಂತ್ರ್ಯ ನಿರ್ದೇಶಕನ ಕೈಗೆ ಹೋಗುತ್ತದೆ.

ತೋಳ ಮತ್ತು ಮರಿ

ಈ ದಾಟುವಿಕೆಯ ಒಳ್ಳೆಯ ಉದಾಹರಣೆ ‘ಕೊಜುರೆ ಓಕಾಮಿ’, ಅಂದರೆ ಮರಿಯನ್ನು ಕಟ್ಟಿಕೊಂಡು ಅಲೆಯುವ ತೋಳ. ಕಜುವೊ ಕೊಯಿಕೆ ಬರೆದು ಗೊಸೆಕಿ ಕೊಜಿಮಾ ಚಿತ್ರಿಸಿದ ಈ ಮಾಂಗಾ 1970ರಿಂದ 1976ರವರೆಗೆ ಪ್ರಕಟವಾಯಿತು. ವಂಚನೆಗೆ ಸಿಕ್ಕಿ ಪದವಿ, ಪತ್ನಿ ಎರಡನ್ನೂ ಕಳೆದುಕೊಂಡ ಶೋಗನ್‌ನ ವಧಾಧಿಕಾರಿ ಒಗಾಮಿ ಇತ್ತೊ, ಹಸುಳೆ ಮಗನನ್ನು ಮರದ ಕೈಗಾಡಿಯಲ್ಲಿ ಕೂರಿಸಿಕೊಂಡು ಸೇಡಿಗಾಗಿ ಅಲೆಯುವ ಕಥೆ ಇದು. ಧಾರಾವಾಹಿ ಮುಗಿಯುವ ಮೊದಲೇ, 1972ರಿಂದ 1974ರ ಒಳಗೆ, ಆರು ಚಿತ್ರಗಳು ತೆರೆಕಂಡವು. ನಾಯಕ ತೊಮಿಸಬುರೊ ವಕಾಯಾಮಾ ತುಂಬುಮೈಯ ನಟ, ಪುಟದ ಮೇಲಿನ ಇತ್ತೊನ ಪಡಿಯಚ್ಚಲ್ಲ. ಆದರೂ ಆ ಮೌನ, ಕತ್ತಿಯ ಆ ವೇಗ ಜನರಿಗೆ ಒಪ್ಪಿಗೆಯಾಯಿತು. ಮೊದಲ ಚಿತ್ರಗಳ ಚಿತ್ರಕಥೆ ಬರೆದವರು ಸ್ವತಃ ಕೊಯಿಕೆ ಎಂಬುದು ಗಮನಾರ್ಹ.

ಬದಲಾವಣೆಯೇ ತಪ್ಪೇ?

ಹಾಗೆಂದು ಮೂಲವನ್ನು ಚಾಚೂ ತಪ್ಪದೆ ಅನುಸರಿಸಬೇಕೆಂದೇನೂ ಇಲ್ಲ. ಕೊರಿಯಾದ ಪಾರ್ಕ್ ಚಾನ್-ವೂಕ್ 2003ರಲ್ಲಿ ‘ಓಲ್ಡ್ ಬಾಯ್’ ಮಾಂಗಾವನ್ನು ಚಿತ್ರ ಮಾಡಿದಾಗ ನಾಯಕನ ಹತ್ತು ವರ್ಷಗಳ ಸೆರೆವಾಸವನ್ನು ಹದಿನೈದಕ್ಕೆ ಏರಿಸಿದರು. ಹಗೆಯ ಕಾರಣವನ್ನೇ ಬದಲಿಸಿದರು. ಆ ಚಿತ್ರಕ್ಕೆ 2004ರ ಕಾನ್ ಉತ್ಸವದಲ್ಲಿ ಗ್ರ್ಯಾಂಡ್ ಪ್ರೀ ಬಂತು. ಹಾಲಿವುಡ್ಡಿನ ‘ಡ್ರ್ಯಾಗನ್‌ಬಾಲ್ ಎವಲ್ಯೂಷನ್’ (2009) ಕೂಡ ಮೂಲವನ್ನು ಬದಲಿಸಿತು. ಕಾಡಿನಲ್ಲಿ ಬೆಳೆದ ಮುಗ್ಧ ಹುಡುಗ ಗೊಕು ಅಲ್ಲಿ ಹೈಸ್ಕೂಲ್ ವಿದ್ಯಾರ್ಥಿಯಾದ. ಓದುಗರು ಸಿಟ್ಟಾದರು, ಚಿತ್ರ ನೆಲಕಚ್ಚಿತು. ತಾವು ಕೊಟ್ಟ ಸಲಹೆಗಳನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವೆಂದು ಮೂಲ ಕಲಾವಿದ ಅಕಿರಾ ತೊರಿಯಾಮಾ 2013ರಲ್ಲಿ ಹೇಳಿದರು. ಒಬ್ಬರು ಕಥೆಯ ಒಳಗಿನ ಯಾತನೆಯನ್ನು ಹಿಡಿದು ಹೊರಗಿನದನ್ನು ಬದಲಿಸಿದರು. ಇನ್ನೊಬ್ಬರು ಹೆಸರನ್ನು ಉಳಿಸಿಕೊಂಡು ಜೀವವನ್ನೇ ಬಿಟ್ಟರು.

ಕಥೆ ಯಾರದ್ದು?

ಇಲ್ಲಿ ಹಣದ ಮಾತೂ ಇದೆ. ಜಪಾನಿನಲ್ಲಿ ಸಾಮಾನ್ಯವಾಗಿ ಟಿ.ವಿ. ಸಂಸ್ಥೆ, ಪ್ರಕಾಶಕರು, ವಿತರಕರು, ಜಾಹೀರಾತು ಕಂಪೆನಿ ಸೇರಿ ಒಂದು ನಿರ್ಮಾಣ ಸಮಿತಿ ರಚಿಸಿ ಬಂಡವಾಳ ಹಾಕುತ್ತಾರೆ. ಲಾಭ-ನಷ್ಟ ಅವರದು. ಕಲಾವಿದನಿಗೆ ಮೂಲಕೃತಿಯ ಶುಲ್ಕವೆಂದು ಒಂದು ಗೊತ್ತಾದ ಮೊತ್ತ ಸಿಗುತ್ತದೆ. ಪ್ರಾಚೀನ ರೋಮಿನ ಸ್ನಾನಗೃಹ ಶಿಲ್ಪಿಯೊಬ್ಬ ಇಂದಿನ ಜಪಾನಿಗೆ ಬಂದುಬೀಳುವ ‘ಥರ್ಮೇ ರೊಮೇ’ ಕಥೆ 2012ರಲ್ಲಿ ಚಿತ್ರವಾಗಿ ಸುಮಾರು 600 ಕೋಟಿ ಯೆನ್ ಗಳಿಸಿತು. ಮೂಲ ಲೇಖಕಿ ಮಾರಿ ಯಾಮಾಜಾಕಿ ತಮಗೆ ಬಂದ ಶುಲ್ಕ ಸುಮಾರು 10 ಲಕ್ಷ ಯೆನ್ ಎಂದು ಮರುವರ್ಷ ಟಿ.ವಿ.ಯಲ್ಲಿ ಹೇಳಿದಾಗ ದೊಡ್ಡ ಚರ್ಚೆಯೇ ನಡೆಯಿತು.

ಹಣಕ್ಕಿಂತ ಗಾಢವಾದ ನೋವೂ ಉಂಟು. ಹಿನಾಕೊ ಆಶಿಹಾರಾ ಅವರ ಮಾಂಗಾ ‘ಸೆಕ್ಸಿ ತನಾಕಾ-ಸಾನ್’ 2023ರಲ್ಲಿ ಟಿ.ವಿ. ನಾಟಕವಾಯಿತು. ಮೂಲಕ್ಕೆ ನಿಷ್ಠವಾಗಿರಬೇಕೆಂಬುದು ಅವರ ಷರತ್ತು. ಹಾಗಾಗುತ್ತಿಲ್ಲವೆಂದು ಕೊನೆಯ ಎರಡು ಕಂತುಗಳನ್ನು ತಾವೇ ಬರೆದರು. 2024ರ ಜನವರಿಯಲ್ಲಿ ಈ ವಿಷಯವನ್ನು ಬಹಿರಂಗಪಡಿಸಿದ ಕೆಲವೇ ದಿನಗಳಲ್ಲಿ ಅವರ ಸಾವಿನ ಸುದ್ದಿ ಬಂತು. ಟಿ.ವಿ. ಸಂಸ್ಥೆಯೂ ಪ್ರಕಾಶನ ಸಂಸ್ಥೆಯೂ ತನಿಖೆ ನಡೆಸಿ ವರದಿ ಪ್ರಕಟಿಸಿದವು. ಮಾತುಕತೆಯಲ್ಲಿ ಕಲಾವಿದರ ದನಿ ಎಲ್ಲಿ ಕಳೆದುಹೋಗುತ್ತದೆ ಎಂಬ ಪ್ರಶ್ನೆ ದೇಶದಲ್ಲೆಲ್ಲ ಎದ್ದಿತು.

ಬೇರೆ ದಾರಿಯೂ ಇದೆ ಎನ್ನುವುದಕ್ಕೆ ‘ಒನ್ ಪೀಸ್’ ಸಾಕ್ಷಿ. ದಕ್ಷಿಣ ಆಫ್ರಿಕದಲ್ಲಿ ಚಿತ್ರೀಕರಣಗೊಂಡು 2023ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಈ ಸರಣಿಯ ನಿರ್ಮಾಪಕರಲ್ಲಿ ಮೂಲ ಕಲಾವಿದ ಐಚಿರೊ ಓದಾ ಕೂಡ ಒಬ್ಬರು. ತಮಗೆ ತೃಪ್ತಿಯಾಗುವವರೆಗೆ ಸರಣಿ ಬಿಡುಗಡೆಯಾಗದೆಂಬ ಭರವಸೆಯನ್ನು ಅವರು ಪಡೆದಿದ್ದರು. ಓದುಗರೂ ಹೊಸಬರೂ ಸರಣಿಯನ್ನು ಮೆಚ್ಚಿದರು. ಓದಾ ಅವರಷ್ಟು ಖ್ಯಾತಿ ಇಲ್ಲದ ಕಲಾವಿದರಿಗೂ ಇಂಥ ಭರವಸೆ ದೊರೆಯುವುದೇ ಎಂಬುದು ಈಗಿರುವ ಪ್ರಶ್ನೆ.